ನರೆ, ತೆರೆ ಮತ್ತು ‘ಒಪ್ಪ’: ಮುಪ್ಪನ್ನು ಕುರಿತ ವಚನಗಳ ಓದು

ವಚನವಾಙ್ಮಯದಲ್ಲಿ ಮುಪ್ಪಿನ ಪ್ರಸ್ತಾಪ ವಿರಳವೇನಲ್ಲ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು, ನರೆ ತೆರೆಗಳಿಂದ ಆರಂಭಿಸಿ ಮೃತ್ಯುವಿನವರೆಗೆ ಮುಪ್ಪಿನ ಲಕ್ಷಣಗಳನ್ನು ಒಂದರ ಹಿಂದೊಂದರಂತೆ ಎಣಿಸುತ್ತ ಹೋಗಿ, ಅವೆಲ್ಲ ಬರುವುದಕ್ಕೆ ಮೊದಲೇ ಕೂಡಲಸಂಗಮದೇವನನ್ನು ಪೂಜಿಸೆಂದು ಎಚ್ಚರಿಸುವ ಬಸವಣ್ಣನವರ ವಚನ. ಶಾಲೆಯ ಮಕ್ಕಳಿಗೂ ಅದು ಕಂಠಪಾಠವಾಗಿದೆ. ಆದರೆ ಎಲ್ಲರಿಗೂ ಬಾಯಿಗೆ ಬರುವ ಪದ್ಯಕ್ಕೆ ಒಂದು ದುರ್ಗತಿಯೂ ಒದಗುತ್ತದೆ. ಅದನ್ನು ಯಾರೂ ಮರಳಿ ಓದುವುದಿಲ್ಲ. ಅರ್ಥ ಮೊದಲೇ ತಿಳಿದಿದೆಯೆಂಬ ಭಾವನೆಯಿಂದ ಅದನ್ನು ಬೇಕಾದೆಡೆಯಲ್ಲಿ ಬಳಸಿಬಿಡುತ್ತಾರೆ.

ಈಚಿನ ವರ್ಷಗಳಲ್ಲಿ ಈ ವಚನಕ್ಕೆ ಹೊಸದೊಂದು ಬಳಕೆ ಒದಗಿದೆ. ಕೂದಲಿಗೆ ಬಣ್ಣ ಹಚ್ಚುವವರನ್ನೂ, ಬ್ಯೂಟಿ ಪಾರ್ಲರಿಗೆ ಹೋಗುವವರನ್ನೂ, ಮುಖದ ಸುಕ್ಕು ಅಳಿಸಲು ಸೂಜಿಮದ್ದು ಹಾಕಿಸಿಕೊಳ್ಳುವವರನ್ನೂ ಖಂಡಿಸಲು ಭಾಷಣಕಾರರು ಇದನ್ನು ಚಾವಟಿಯಂತೆ ಬೀಸುತ್ತಾರೆ. ಖಂಡನೆಯ ಗುರಿ ಬಹುತೇಕ ಹೆಂಗಸರೇ. ಇನ್ನೊಂದು ಕಡೆ, ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ಮತ್ತೊಂದು ವಚನವನ್ನು ಹಿಡಿದು, ದೇಗುಲಕ್ಕೆ ಸುಣ್ಣ ಬಣ್ಣ ಬೇಡವೇ ಎಂದು ಕೇಳುವವರೂ ಇದ್ದಾರೆ. ಒಂದು ಪಕ್ಷ ವಚನದಿಂದ ದೇಹದ್ವೇಷವನ್ನು ತೆಗೆಯುತ್ತದೆ, ಇನ್ನೊಂದು ದೇಹದ ವ್ಯಾಪಾರವನ್ನು. ಎರಡೂ ಓದುಗಳು ಪಠ್ಯಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿವೆಯೆಂಬುದನ್ನು ಪರಿಶೀಲಿಸುವುದು ಈಗ ಅವಶ್ಯವಾಗಿದೆ.

ಇದು ಮಹಾನಗರಗಳಿಗೆ ಮಾತ್ರ ಸೇರಿದ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಬಂಟ್ವಾಳ ತಾಲ್ಲೂಕಿನ ಮೆಲ್ಕಾರ್ ನೇತ್ರಾವತಿಯ ದಕ್ಷಿಣಕ್ಕೆ, ಪಾಣೆಮಂಗಳೂರಿನ ಮಗ್ಗುಲಲ್ಲಿ, ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಸಣ್ಣ ಪೇಟೆ. ಮಂಗಳೂರು, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜುಗಳು ಅಲ್ಲಿಂದ ದೂರವೇನಲ್ಲ. ತೆಂಗಿನೆಣ್ಣೆ, ಅರಿಸಿನ, ಮದರಂಗಿ, ನೆಲ್ಲಿಕಾಯಿ, ದೀಪಾವಳಿಯ ಎಣ್ಣೆಸ್ನಾನ ಇವಿಷ್ಟರಲ್ಲಿ ಮುಗಿಯುತ್ತಿದ್ದ ಅಂಗಸಂಸ್ಕಾರ ಇಂಥ ಪೇಟೆಗಳಲ್ಲಿ ಒಂದೇ ತಲೆಮಾರಿನೊಳಗೆ ಬಹುದೂರ ಸಾಗಿದೆ. ಕೊಲ್ಲಿ ದೇಶಗಳ ದುಡಿಮೆ, ಮದುವೆಯ ಛಾಯಾಚಿತ್ರಗಳು, ಅಂಗೈಯಲ್ಲಿನ ಫೋನು ಇವೆಲ್ಲ ಸೇರಿ ಮನುಷ್ಯ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಹೊತ್ತನ್ನು ಹೆಚ್ಚಿಸಿವೆ. ಕರಸ್ಥಲದಲ್ಲಿ ಏನನ್ನಿರಿಸಿಕೊಂಡು ದೃಷ್ಟಿಯನ್ನು ಎಲ್ಲಿ ನಿಲಿಸಬೇಕೆಂದು ಬೋಧಿಸಿದ ಪರಂಪರೆಯವರಿಗೆ ಈ ಬದಲಾವಣೆಯ ಸ್ವರೂಪ ಬೇಗ ಹೊಳೆಯಬೇಕು.

ಮೊದಲು ಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ತಿಳಿಯದೆ ಖಂಡಿಸುವುದು ವಿಮರ್ಶೆಯಾಗದು. ಚರ್ಮ ಸಡಿಲಗೊಳ್ಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರಿನ ದ್ರವ್ಯ ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳೂ ತಂಬಾಕಿನ ಹೊಗೆಯೂ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತವೆ. ಹಣೆಯ, ಹುಬ್ಬಿನ ನಡುವಣ ಗೆರೆಗಳಾದರೋ ಮುಖದ ಸ್ನಾಯುಗಳ ನಿತ್ಯ ಚಲನೆಯಿಂದ ಮೂಡಿದವು. ನಕ್ಕದ್ದು, ಅತ್ತದ್ದು, ಚಿಂತಿಸಿದ್ದು, ಬಿಸಿಲಿಗೆ ಕಣ್ಣು ಕಿರಿದಾಗಿಸಿದ್ದು ಎಲ್ಲದರ ಲೆಕ್ಕ ಅಲ್ಲಿ ಬರೆದಿರುತ್ತದೆ. ಇವನ್ನು ಅಳಿಸಲು ಬಳಸುವ ಬಾಟುಲಿನಮ್ ಒಂದು ವಿಷ, ಕೆಟ್ಟ ಆಹಾರದಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ಉತ್ಪನ್ನ. ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ಅದು ತಡೆಯುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಮೊದಲು ಬಳಸಿದ್ದು ಮೆಳ್ಳೆಗಣ್ಣಿನ ಚಿಕಿತ್ಸೆಗೆ. ಅಮೆರಿಕದಲ್ಲಿ 1989ರಲ್ಲಿ ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಅನುಮತಿ ದೊರೆಯಿತು. ಹುಬ್ಬಿನ ನಡುವಣ ಗೆರೆಗಳಿಗೆ ಅನುಮತಿ ದೊರೆತದ್ದು 2002ರಲ್ಲಿ. ಅದರ ಪರಿಣಾಮ ಮೂರು ನಾಲ್ಕು ತಿಂಗಳಿಗೆ ಮುಗಿಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ಸೂಜಿಯಿಂದ ಚರ್ಮದಡಿ ತುಂಬುವ ದ್ರವ್ಯಗಳೂ ಕಾಲಕ್ರಮದಲ್ಲಿ ಕರಗಿಹೋಗುವಂಥವೇ. ಕಣ್ಣಿನ ವ್ಯಾಧಿಗೆ ಬಂದ ಔಷಧ ಕನ್ನಡಿಯ ವ್ಯಾಧಿಗೆ ತಿರುಗಿದ ಬಗೆ ಇದು.

ಈ ಹಿನ್ನೆಲೆಯಲ್ಲಿ ಬಸವಣ್ಣನವರ ವಚನವನ್ನು ಮರಳಿ ನೋಡಬಹುದು.

ಅದರ ಕಟ್ಟಡ ಸರಳವಾಗಿ ಕಾಣುತ್ತದೆ. ‘ಮುನ್ನ’ ಎಂಬ ಒಂದೇ ಪದ ಮರಳಿ ಮರಳಿ ಬಂದು ಪ್ರತಿಯೊಂದು ಲಕ್ಷಣವನ್ನೂ ಮುಂದೂಡುತ್ತದೆ, ಅಥವಾ ಹತ್ತಿರ ತರುತ್ತದೆ. ನರೆ ತೆರೆಗಳು ಮೊದಲು ಬರುತ್ತವೆ. ಅವು ತಾವಾಗಿ ಯಾವ ನೋವನ್ನೂ ಕೊಡದ ಲಕ್ಷಣಗಳು. ವಚನ ಅವುಗಳ ಬಳಿ ನಿಲ್ಲದೆ ದೇಹ ಸೊರಗುವುದಕ್ಕೆ, ಹಲ್ಲು ಹೋಗುವುದಕ್ಕೆ, ಬೆನ್ನು ಬಾಗುವುದಕ್ಕೆ ಸಾಗುತ್ತದೆ. ಅಲ್ಲಿ ಒಂದು ಪದ ಬರುತ್ತದೆ: ‘ಹಂಗು’. ಇಡೀ ಪಟ್ಟಿಯಲ್ಲಿ ದೇಹದ ಲಕ್ಷಣವಲ್ಲದ್ದು, ಸಮಾಜದ ಸಂಬಂಧವನ್ನು ಹೇಳುವಂಥದು ಇದೊಂದೇ. ಅನ್ಯರ ಹಂಗಿಗೆ ಬೀಳುವುದೇ ಈ ವಚನದ ಆತಂಕದ ನಡುದಾಣ. ಕನ್ನಡಿಯಲ್ಲಿ ಚೆಲುವು ಕುಂದಿದ್ದು ಆ ಸ್ಥಾನದಲ್ಲಿಲ್ಲ. ಕಾಯಕವನ್ನು ಜೀವನದ ತಳಹದಿಯನ್ನಾಗಿ ಮಾಡಿದ ಸಮುದಾಯದಲ್ಲಿ ಮುಪ್ಪು ಭಯವನ್ನು ಹುಟ್ಟಿಸುವುದು ದುಡಿಯುವ ಕೈ ಸೋಲುತ್ತದೆಂಬ ಕಾರಣದಿಂದ. ವಚನವನ್ನು ಸೌಂದರ್ಯಖಂಡನೆಯಾಗಿ ಓದುವವರು ಈ ಪದವನ್ನು ಗಮನಿಸಿದಂತೆ ತೋರುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಇಂದಿನ ಯೌವನಚಿಕಿತ್ಸೆಯ ಮೇಲೆ ವಚನ ಹೇಳಬಲ್ಲ ಮಾತು ಬೇರೆಯೇ ಇದೆ. ಅದು ಅಲಂಕಾರವನ್ನು ಕುರಿತದ್ದಲ್ಲ. ನಾಲ್ಕು ತಿಂಗಳಿಗೊಮ್ಮೆ ಸೂಜಿಯ ಮುಂದೆ ಕುಳಿತುಕೊಳ್ಳುವುದು, ಒಂದು ತಿಂಗಳು ತಪ್ಪಿದರೆ ಮುಖ ತನ್ನದಲ್ಲವೆನಿಸುವುದು ಹಂಗಲ್ಲದೆ ಇನ್ನೇನು? ವೈದ್ಯರ ಚೀಟಿಯಿಲ್ಲದೆ ಕೊಂಡು ಹಚ್ಚುವ ಸ್ಟೆರಾಯ್ಡ್ ಬೆರೆತ ಮುಲಾಮುಗಳ ವಿಷಯದಲ್ಲಿ ಇದು ಅಕ್ಷರಶಃ ನಿಜ. ಮೊದಲ ವಾರಗಳಲ್ಲಿ ಮುಖ ಬೆಳಗುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ಕೆಂಪಗಾಗಿ, ಮುಲಾಮು ಬಿಟ್ಟೊಡನೆ ಉರಿ ಹತ್ತುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚಬೇಕಾಗುತ್ತದೆ. ಇಂಥ 14 ಬಗೆಯ ಮುಲಾಮುಗಳನ್ನು ಕೇಂದ್ರ ಸರಕಾರ 2018ರಲ್ಲಿ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಅನುಸೂಚಿಗೆ ಸೇರಿಸಿತು.

ಬಾಗಿದ ಬೆನ್ನಿನ ವಿಷಯದಲ್ಲಿ ಒಂದು ಮಾತು ಇಲ್ಲಿಯೇ ಸಲ್ಲುತ್ತದೆ. ಬಂಟ್ವಾಳದ ಸೀಮೆಯಲ್ಲಿ ಮನೆಯ ಜಗಲಿಯ ಮೇಲೆ ಗೆರಸೆ ತೊಡೆಗಿರಿಸಿಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರು ಅಸಂಖ್ಯ. ಅವರ ಬೆನ್ನು ವಯಸ್ಸಿಗೆ ಮುಂಚೆ ಬಾಗಿದೆ. ವಚನ ‘ಮುನ್ನ’ ಎಂದು ಎಣಿಸಿದ ಲಕ್ಷಣಗಳು ಎಲ್ಲರಿಗೂ ಒಂದೇ ವಯಸ್ಸಿನಲ್ಲಿ ಬರುವುದಿಲ್ಲ. ಬಿಸಿಲಿನ ಗದ್ದೆಯಲ್ಲಿ ನೇಜಿ ನೆಟ್ಟವಳಿಗೂ, ಅಡಕೆ ಸುಲಿದವಳಿಗೂ ತೆರೆಗಳು ಬೇಗ ಬರುತ್ತವೆ. ಆಕೆಯ ಮಗಳು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಮುಖಕ್ಕೊಂದು ಮುಲಾಮು ಹಚ್ಚಿಕೊಂಡರೆ ಅದರಲ್ಲಿ ಕೇವಲ ಚಪಲವನ್ನು ಕಾಣುವುದು ವಿವೇಕವಲ್ಲ. ತಾಯಿಯ ದುಡಿಮೆ ತಾಯಿಯ ಮುಖಕ್ಕೆ ಮಾಡಿದ್ದನ್ನು ಆಕೆ ಕಂಡಿದ್ದಾಳೆ.

ಪಟ್ಟಿಯ ಕೊನೆಗೆ, ಮೃತ್ಯುವಿಗೆ ಒಂದು ಹೆಜ್ಜೆ ಮೊದಲು, ‘ಒಪ್ಪ’ ಎಂಬ ಮಾತು ಬರುತ್ತದೆ. ಮುಪ್ಪಿನಿಂದ ಅಳಿಯುವಂಥದು ಈ ಒಪ್ಪ. ಒಪ್ಪವೆಂದರೆ ಚೆಲುವು, ಕಾಂತಿ, ತಕ್ಕುದಾಗಿರುವಿಕೆ. ಚಿನ್ನಕ್ಕೆ ಕೊಡುವ ಮೆರಗೂ ಒಪ್ಪವೇ. ಗಮನಾರ್ಹವಾದ ಸಂಗತಿಯೆಂದರೆ ಬಸವಣ್ಣನವರು ಇದನ್ನು ಮಾಯೆಯೆಂದಾಗಲಿ ಹೇಸಿಗೆಯೆಂದಾಗಲಿ ಕರೆಯುವುದಿಲ್ಲ. ಅದು ಇದೆ, ಅಳಿಯುತ್ತದೆ, ಅಳಿದರೆ ನಷ್ಟ. ನಷ್ಟವೆಂದು ಒಪ್ಪಿಕೊಂಡವನ ಮಾತಿನಲ್ಲಿ ಮಾತ್ರ ಅಂಥ ಅವಸರ ಕಾಣಲು ಸಾಧ್ಯ. ದೇಹ ತುಚ್ಛವೆಂದು ತಿಳಿದವನಿಗೆ ಅದರ ಕುಂದುಗಳನ್ನು ಇಷ್ಟು ಕಣ್ಣಿಟ್ಟು ನೋಡುವ ಅಗತ್ಯವಿರಲಿಲ್ಲ.

ಇದೇ ‘ಒಪ್ಪ’ ಅಕ್ಕಮಹಾದೇವಿಯ ಬಾಯಲ್ಲಿ ಇನ್ನೊಂದು ಅರ್ಥಕ್ಕೆ ತಿರುಗುತ್ತದೆ. ಶೂನ್ಯಸಂಪಾದನೆಯ ಆ ಪ್ರಸಂಗ ಪರಿಚಿತವಾದದ್ದೇ. ಕಲ್ಯಾಣದ ಅನುಭವಮಂಟಪಕ್ಕೆ ಬಂದ ಅಕ್ಕನನ್ನು ಪ್ರಭುದೇವರು ಪರೀಕ್ಷಿಸುತ್ತಾರೆ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಸಿಕೊಂಡಳೆಂಬುದು ಪ್ರಶ್ನೆ. ಉತ್ತರವಾಗಿ ಅಕ್ಕ ಹಣ್ಣಿನ ದೃಷ್ಟಾಂತವನ್ನು ಕೊಡುತ್ತಾಳೆ. ಒಳಗು ಮಾಗಿದ ಮೇಲಲ್ಲದೆ ಹೊರಗಿನ ಸಿಪ್ಪೆಯ ಒಪ್ಪ ಕೆಡುವುದಿಲ್ಲವೆಂಬುದು ಅದರ ತಾತ್ಪರ್ಯ. ಬಸವಣ್ಣನವರಲ್ಲಿ ಒಪ್ಪ ಅಳಿಯುವುದು ಕಾಲ ಮೀರಿದ್ದರ ಗುರುತು. ಅಕ್ಕನಲ್ಲಿ ಅದೇ ಪಕ್ವತೆಯ ಗುರುತು. ಒಂದೇ ಪದ, ಒಂದೇ ದೈಹಿಕ ಘಟನೆ; ಅರ್ಥ ಮಾತ್ರ ಎದುರುಬದುರು. ಹಲಸಿನ, ಮಾವಿನ ನಾಡಿನಲ್ಲಿ ಬಾಳಿದವರಿಗೆ ಈ ದೃಷ್ಟಾಂತಕ್ಕೆ ಟೀಕೆ ಬೇಡ. ಸಿಪ್ಪೆ ನಯವಾಗಿ ಹಸುರಾಗಿಯೇ ಉಳಿಯಬೇಕೆನ್ನುವವನು ಹಣ್ಣನ್ನು ಬಿಟ್ಟು ಕಾಯನ್ನು ಬೇಡುತ್ತಿದ್ದಾನೆ.

ಇಲ್ಲಿಗೇ ನಿಲಿಸಿದರೆ ಮುದುಕರಿಗೆ ಸುಲಭವಾದ ಸಮಾಧಾನ ದೊರೆತಂತಾಗುತ್ತದೆ. ಆದರೆ ಪಠ್ಯ ಅಷ್ಟು ಉದಾರವಾಗಿಲ್ಲ. ಈ ಮಾತನ್ನಾಡಿದ ಅಕ್ಕ ತರುಣಿ. ಮಾಗುವಿಕೆಯನ್ನು ಕುರಿತು ವಚನಸಾಹಿತ್ಯದ ಅತ್ಯುತ್ತಮ ದೃಷ್ಟಾಂತವೊಂದು ಹರೆಯದವಳ ಬಾಯಿಂದ ಬಂದಿದೆ. ಎಂದಮೇಲೆ ಪಕ್ವತೆಗೂ ವಯಸ್ಸಿಗೂ ಅವಿನಾಭಾವ ಸಂಬಂಧವಿಲ್ಲ. ನರೆತವರೆಲ್ಲ ಮಾಗಿದವರಲ್ಲ. ವೇದಿಕೆಯ ಮೇಲೆ ಕುಳಿತು ಯುವತಿಯರ ತುಟಿಯ ಬಣ್ಣದ ಮೇಲೆ ಪ್ರವಚನ ಮಾಡುವವರಲ್ಲಿ ಕೆಲವರ ಮೀಸೆ, ಚುನಾವಣಾ ಭಿತ್ತಿಪತ್ರದ ಎಪ್ಪತ್ತರ ನಾಯಕರ ಮೀಸೆಯಂತೆ, ಕಾಡಿಗೆಯನ್ನು ನಾಚಿಸುವಷ್ಟು ಕಪ್ಪಗಿರುವುದೂ ಉಂಟು.

ಅಕ್ಕನ ಉತ್ತರದ ಎರಡನೆಯ ಭಾಗ ಇನ್ನೂ ಮುಖ್ಯವಾದುದು. ಕೂದಲಿನ ಮರೆ ತನಗಾಗಿ ಅಲ್ಲ, ಕಂಡವರಿಗೆ ನೋವಾಗಬಾರದೆಂದು ಎನ್ನುತ್ತಾಳೆ. ಚರ್ಚೆ ಆಗ ಕಾಣುವ ದೇಹದಿಂದ ಕಾಣುವ ಕಣ್ಣಿಗೆ ತಿರುಗುತ್ತದೆ. ಇಡೀ ಸಭೆ ಪರೀಕ್ಷೆಗೆ ಒಳಗಾಗುತ್ತದೆ. ಇಂದಿನ ಪ್ರಶ್ನೆಯನ್ನೂ ಹೀಗೆಯೇ ತಿರುಗಿಸಬೇಕಾಗಿದೆ. ನಲವತ್ತರ ಹೆಂಗಸಿನ ಮುಖ ಇಪ್ಪತ್ತರಂತಿರಬೇಕೆಂದು ಯಾರು ಕೇಳುತ್ತಿದ್ದಾರೆ? ವಧೂಪರೀಕ್ಷೆಗೆ ಬಂದವರ ಕಣ್ಣು ಕೇಳುತ್ತದೆ, ಕ್ಯಾಮೆರಾ ಕೇಳುತ್ತದೆ, ಸ್ವಾಗತಕಾರಿಣಿಯನ್ನು ನೇಮಿಸುವ ಕಚೇರಿ ಕೇಳುತ್ತದೆ.

ಹೆಣ್ಣಿನ ರೂಪವೇ ಸಂಬಳವಾದ ವೃತ್ತಿಯನ್ನು ಶರಣಪರಂಪರೆ ಅರಿಯದೇ ಇರಲಿಲ್ಲ. ಸೂಳೆ ಸಂಕವ್ವೆಯದೆಂದು ಉಳಿದಿರುವುದು ನಿರ್ಲಜ್ಜೇಶ್ವರ ಎಂಬ ಅಂಕಿತದ ಒಂದೇ ಒಂದು ವಚನ. ಒಬ್ಬನಿಂದ ಒತ್ತೆ ಪಡೆದಮೇಲೆ ಮತ್ತೊಬ್ಬನದನ್ನು ಒಲ್ಲೆನೆಂಬ ವೃತ್ತಿನಿಷ್ಠೆಯನ್ನು ಅದು ಭಕ್ತಿನಿಷ್ಠೆಗೆ ಏರಿಸುತ್ತದೆ. ಆಕೆಯ ಮಾತಿನಲ್ಲಿ ತನ್ನ ಮೈಯನ್ನು ಕುರಿತ ಜುಗುಪ್ಸೆಯಿಲ್ಲ, ಜಂಬವೂ ಇಲ್ಲ. ದಿಟದ ಬೆಲೆಯನ್ನು ಬಲ್ಲವಳ ನೇರ ಇದೆ. ಅನುಭಾವಿಗಳು ಆಕೆಯನ್ನು ತಮ್ಮವಳೆಂದು ಉಳಿಸಿಕೊಂಡರು. ವೃತ್ತಿಗಾಗಿ ರೂಪವನ್ನು ಕಾಪಾಡಿಕೊಳ್ಳಬೇಕಾದವಳನ್ನು ಇಂದು ಹೀಗಳೆಯುವವರು ಆ ವಚನವನ್ನು ಸಂಕಲನದಲ್ಲಿ ಇನ್ನೊಮ್ಮೆ ಹುಡುಕಿಕೊಳ್ಳಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಗೆ ಒಳಗಾಗಿ ತೀರಿಕೊಂಡಳು. ಆಕೆಗೆ 21 ವರ್ಷ. ಮುಪ್ಪಿನ ಯಾವ ಲಕ್ಷಣವೂ ಆಕೆಯ ಬಳಿ ಸುಳಿದಿರಲಿಲ್ಲ. ‘ಮುನ್ನ’ ಎಂಬ ಪದಕ್ಕೂ ಅಲ್ಲಿ ಎಡೆಯಿಲ್ಲ. ಯೌವನದಲ್ಲಿರುವವಳಿಗೇ ಯೌವನ ಸಾಲದೆಂದು ತೋರಿಸುವ ಕಣ್ಣು ಎಂಥದು ಎಂಬುದನ್ನು ಕೇಳಬೇಕಾಗಿತ್ತು. ಆಗ ನಡೆದ ಚರ್ಚೆಯಲ್ಲಿ ಬಹುಪಾಲು ಆಕೆಯ ಆಸೆಯ ಮೇಲೆಯೇ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ನಾಟಿಯನ್ನು ಕುರಿತು ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಶಿಕ್ಷಣವೆನಿಸದೆಂದು ಬರೆಯಬೇಕಾಯಿತು. ಅಂಥ ವಾಕ್ಯವನ್ನು ಅಧಿಕೃತವಾಗಿ ಬರೆಯಬೇಕಾಗಿ ಬಂದ ಸ್ಥಿತಿಯೇ ಸಾಕಷ್ಟು ಹೇಳುತ್ತದೆ.

ನೆರೆಯ ಕೇರಳದಲ್ಲಿ ಕಂಡುಬಂದದ್ದು ಇನ್ನೂ ನಿಶ್ಶಬ್ದವಾದ ಹಾನಿ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ರೋಗಕ್ಕೆ ತುತ್ತಾದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣ ಕಂಡಿತು. ಆ ಹದಿನೈದರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಮುಲಾಮನ್ನು ಹಚ್ಚುತ್ತಿದ್ದವರು. ಮುಲಾಮುಗಳಲ್ಲಿ ಪಾದರಸ ಹೇರಳವಾಗಿತ್ತು. ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಸಿಪ್ಪೆಗೆ ಒಪ್ಪವಿಡಲು ಹೋಗಿ ಒಳಗೇ ಕೊಳೆತ ಸಂಗತಿ ಇದು. ಅಕ್ಕನ ದೃಷ್ಟಾಂತವನ್ನು ತಲೆಕೆಳಗು ಮಾಡಿದಂತಿದೆ.

ಕಾನೂನು ಮೌನವಾಗಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ತಿದ್ದುಪಡಿಗಾಗಿ 2020ರ ಫೆಬ್ರುವರಿಯಲ್ಲಿ ಪ್ರಕಟವಾದ ಕರಡು, ಚರ್ಮ ಬೆಳ್ಳಗಾಗಿಸುವ, ಅಕಾಲ ಮುಪ್ಪನ್ನು ತಡೆಯುವ, ನರೆಯನ್ನು ನೀಗುವ ಭರವಸೆಗಳನ್ನೂ ನಿಷಿದ್ಧ ಜಾಹೀರಾತುಗಳ ಪಟ್ಟಿಗೆ ಸೇರಿಸಲು ಸೂಚಿಸಿತ್ತು. ಆದರೆ ಭರವಸೆಯ ವ್ಯಾಪಾರ ಕರಡುಗಳಿಗಿಂತ ವೇಗವಾಗಿ ಓಡುತ್ತದೆ.

ಹಾಗಾದರೆ ದೇಹವನ್ನು ತಿದ್ದುವುದೇ ತಪ್ಪೇ? ಇದಕ್ಕೆ ಇತಿಹಾಸದಲ್ಲಿ ಕನ್ನಡ ನೆಲಕ್ಕೆ ಸಂಬಂಧಿಸಿದ ಒಂದು ಉತ್ತರ ಇದೆ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕೌಸಾಜಿ ಎಂಬ ಮರಾಠಿ ರೈತ ಟೀಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನನುಸರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅಂಥ ಶಸ್ತ್ರಕ್ರಿಯೆ ನಡೆಸಿದ. ಸುಶ್ರುತನಿಂದ ಬಂದ ವಿದ್ಯೆ ಪಂಡಿತರ ಗ್ರಂಥದಲ್ಲಿ ಮಾತ್ರವಲ್ಲದೆ ಕಾಯಕದವನ ಕೈಯಲ್ಲಿಯೂ ಬದುಕಿತ್ತೆಂಬುದು ಶರಣಸಾಹಿತ್ಯದ ಓದುಗರಿಗೆ ಅಚ್ಚರಿ ತರಲಾರದು. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕುಸಿದ ಮೂಗನ್ನೂ ಉದುರಿದ ಹುಬ್ಬನ್ನೂ ಮರಳಿ ಕಟ್ಟಿದ್ದು ಅವರು ಊರಿಗೆ ಮರಳಿ ಕೆಲಸ ಹಿಡಿಯಲೆಂದು. ಸುಟ್ಟ ಮುಖಕ್ಕೆ, ಆಸಿಡ್ ಎರಚಿದ ಮುಖಕ್ಕೆ, ಸೀಳುದುಟಿಯ ಮಗುವಿಗೆ ಮಾಡುವ ಚಿಕಿತ್ಸೆ ಹಂಗನ್ನು ಕಳೆಯುವಂಥದು. ವಚನ ಕೊಟ್ಟ ಒರೆಗಲ್ಲಿನಲ್ಲಿ ಅದು ತೇರ್ಗಡೆಯಾಗುತ್ತದೆ. ಒಂದೇ ಕತ್ತಿ, ಒಂದೇ ವಿದ್ಯೆ. ಹಂಗನ್ನು ಬಿಡಿಸುತ್ತದೆಯೇ ಕಟ್ಟುತ್ತದೆಯೇ ಎಂಬುದರ ಮೇಲೆ ನಿರ್ಣಯ.

ಯೌವನವನ್ನು ಮರಳಿ ಪಡೆಯುವ ಹಂಬಲ ಹೊಸದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನದಿಂದ. ಮುದಿ ಋಷಿ ಚ್ಯವನನಿಗೆ ಹರೆಯ ಕೊಟ್ಟಿತೆಂಬ ಲೇಹ್ಯ ಇಂದಿಗೂ ಅಂಗಡಿಗಳಲ್ಲಿದೆ. ಅದೇ ಚರಕ ಸತ್ಯವಾದಿತ್ವ, ಅಕ್ರೋಧ, ದಾನ ಮೊದಲಾದ ನಡೆವಳಿಕೆಯೂ ರಸಾಯನವೇ ಎಂದು ಸೇರಿಸುತ್ತಾನೆ. ಆ ಭಾಗವನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮಾರಲಾಗಿಲ್ಲ.

ಆದರೆ ಪುರಾಣಗಳಲ್ಲಿ ಈ ಹಂಬಲದ ಬೆಲೆಯನ್ನು ಸ್ಪಷ್ಟವಾಗಿ ಎಣಿಸಿದ್ದು ಯಯಾತಿಯ ಕಥೆ. ಯದು ಮೊದಲಾದ ಮಕ್ಕಳು ತಂದೆಯ ಮುಪ್ಪನ್ನು ಹೊರಲು ಒಪ್ಪುವುದಿಲ್ಲ. ಕಿರಿಯ ಪೂರು ಒಪ್ಪುತ್ತಾನೆ. ಮಹಾಭಾರತ ಪೂರುವಿನ ತ್ಯಾಗವನ್ನು ಹೊಗಳಿ ಮುಂದೆ ಸಾಗುತ್ತದೆ. 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಮೂಲ ಕೇಳದ ಪ್ರಶ್ನೆಯನ್ನು ಕೇಳಿದರು: ಪೂರುವಿನ ಹೆಂಡತಿಯ ಗತಿಯೇನು? ಚಿತ್ರಲೇಖೆಯ ಪಾತ್ರ ಹುಟ್ಟಿದ್ದು ಅಲ್ಲಿ. ಗಂಡನ ಯೌವನ ಮಾವನ ಮೈಯಲ್ಲಿದ್ದರೆ ತಾನು ಯಾರವಳೆಂದು ಆಕೆ ಯಯಾತಿಯನ್ನೇ ಎದುರಿಸಿ ಕೇಳುತ್ತಾಳೆ. ಉತ್ತರ ದೊರೆಯದೆ ಪ್ರಾಣ ಬಿಡುತ್ತಾಳೆ. ಆಮೇಲೆ ಯಯಾತಿ ತನ್ನ ಮುಪ್ಪನ್ನು ಮರಳಿ ಹೊರುತ್ತಾನೆ. ನಾಟಕವನ್ನು ಬರೆದಾಗ ಕಾರ್ನಾಡರಿಗೆ ಇಪ್ಪತ್ತೆರಡರ ಆಸುಪಾಸು. ರಚನೆಯಲ್ಲಿ ಆ ವಯಸ್ಸಿನ ಎಳಸುತನ ಅಲ್ಲಲ್ಲಿ ಇದೆ, ಸಂಭಾಷಣೆಗಳು ಕೆಲವೆಡೆ ಉದ್ದ. ಆದರೂ ಒಬ್ಬರ ಯೌವನಕ್ಕೆ ಬೆಲೆ ತೆರುವವರು ಇನ್ನೊಬ್ಬರು ಎಂಬ ಸತ್ಯವನ್ನು ಕನ್ನಡದಲ್ಲಿ ಅಷ್ಟು ನೇರವಾಗಿ ಹೇಳಿದ ಕೃತಿ ಇನ್ನೊಂದಿಲ್ಲ. ಇದಿರಾಗಿ ಜನ್ನನ ‘ಯಶೋಧರ ಚರಿತೆ’ಯ (1209) ಯಶೌಘ ತಲೆಯಲ್ಲಿ ನರೆಗೂದಲು ಕಂಡೊಡನೆ ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೊರಡುತ್ತಾನೆ. ಯಶೌಘನಿಗೆ ನರೆ ಒಂದು ಸುದ್ದಿ; ಯಯಾತಿಗೆ ಅವಮಾನ. ಮೂಡುಬಿದಿರೆಯ ರತ್ನಾಕರವರ್ಣಿಯಾದರೋ ಮೂರನೆಯ ದಾರಿಯವನು. ‘ಭರತೇಶ ವೈಭವ’ದ ಭರತ ಭೋಗದ ನಡುವೆ ಯೋಗಿಯಾಗಿರುತ್ತಾನೆ. ಅಲಂಕಾರವನ್ನು ರತ್ನಾಕರ ಸಂಭ್ರಮದಿಂದ ವರ್ಣಿಸುತ್ತಾನೆ, ಅದಕ್ಕೆ ಅಂಟಿಕೊಳ್ಳುವುದಿಲ್ಲ. ಜೈನ ಕಾವ್ಯವೆಲ್ಲ ವೈರಾಗ್ಯಬೋಧೆಯೆಂದು ತಿಳಿದವರು ಆತನನ್ನು ಓದಿಲ್ಲವೆಂದೇ ಹೇಳಬೇಕು.

ಇನ್ನು ದೇಹವನ್ನು ದೇಗುಲವಾಗಿ ಕಂಡ ವಚನದ ವಿಚಾರ. ಎ.ಕೆ. ರಾಮಾನುಜನ್ ‘ಸ್ಪೀಕಿಂಗ್ ಆಫ್ ಶಿವ’ (1973) ಗ್ರಂಥದ ಪೀಠಿಕೆಯಲ್ಲಿ ಈ ವಚನವನ್ನೇ ಮುಂದಿರಿಸಿಕೊಂಡು ಸ್ಥಾವರ ಜಂಗಮಗಳ ಭೇದವನ್ನು ವಿವರಿಸಿದ್ದಾರೆ. ದೇಹವನ್ನು ಗುಡಿಯಂತೆ ಸಿಂಗರಿಸಬೇಕೆಂಬುದು ಆ ವಚನದ ಆಶಯವಲ್ಲ. ಕಲ್ಲಿನ ಗುಡಿಗೆ ಇಲ್ಲದ ಗುಣ ದೇಹಕ್ಕಿದೆ, ಅದು ಚಲಿಸುತ್ತದೆ. ನಿಂತದ್ದಕ್ಕೆ ಅಳಿವುಂಟು, ಚಲಿಸುವುದಕ್ಕಿಲ್ಲವೆಂಬುದು ಅದರ ತಿರುಳು. ಸುಣ್ಣ ಬಣ್ಣದ ವಾದ ದೇಹವನ್ನು ಮತ್ತೆ ಕಟ್ಟಡವನ್ನಾಗಿ ಮಾಡುತ್ತದೆ, ಅಂದರೆ ವಚನ ಬಿಟ್ಟು ಬಂದ ಜಾಗಕ್ಕೇ ಮರಳುತ್ತದೆ. ಹಣೆಯ ಸ್ನಾಯುವನ್ನು ನಿಶ್ಚಲಗೊಳಿಸಿ ಗೆರೆಯಳಿಸುವ ಚಿಕಿತ್ಸೆಯನ್ನು ಈ ಪರಿಭಾಷೆಯಲ್ಲಿ ಸ್ಥಾವರೀಕರಣವೆಂದು ಕರೆಯಬಹುದೇನೋ. ಆದರೆ ತಾತ್ತ್ವಿಕ ಪದವೊಂದನ್ನು ಸೂಜಿಮದ್ದಿನ ಮೇಲೆ ಅತಿಯಾಗಿ ಹೇರುವುದು ಉಚಿತವಲ್ಲ. ಅಷ್ಟು ಮಾತ್ರ ನಿಜ: ಸೂಜಿ ಚುಚ್ಚುವ ಆ ಹಣೆ ಶರಣರು ವಿಭೂತಿಯ ಮೂರು ಗೆರೆಗಳನ್ನು ತಾವಾಗಿ ಎಳೆದುಕೊಂಡ ಸ್ಥಳ. ದೇಹದ ಕೊನೆಯ ಸ್ಥಿತಿಯಾದ ಬೂದಿಯನ್ನು ಮುಂಜಾನೆಯೇ ಮುಖದ ಮೇಲೆ ಬರೆದುಕೊಂಡವರಿಗೆ ಇನ್ನೊಂದು ಗೆರೆ ಹೆಚ್ಚಾದದ್ದು ಭಯ ಹುಟ್ಟಿಸಿರಲಾರದು.

ಮುಪ್ಪನ್ನು ಕಣ್ಣಾಗಿ ಕಂಡ ಕೃತಿ ಈ ಸೀಮೆಯ ನೆರೆಯಲ್ಲಿಯೇ ಹುಟ್ಟಿದೆ. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಕೇಂದ್ರದಲ್ಲಿರುವವಳು ಎಂಬತ್ತು ದಾಟಿದ ಬಾಲವಿಧವೆ. ಹರೆಯವನ್ನು ಬಳಸದೆಯೇ ಕಳೆದುಕೊಂಡ ಹೆಣ್ಣು ಆಕೆ; ಆದರೂ ಕಾಮವನ್ನು ಕುರಿತು, ಸೃಷ್ಟಿಯನ್ನು ಕುರಿತು ಆಕೆಯ ಮಾತಿನಲ್ಲಿ ಕಹಿಯಿಲ್ಲ, ಮುಜುಗರವೂ ಇಲ್ಲ. ಕಾರಂತರು ಆಕೆಯನ್ನು ಚೆಲುವೆಯಾಗಿದ್ದವಳೆಂದು ಬಣ್ಣಿಸಿ ಓದುಗರ ಅನುಕಂಪ ಗಳಿಸಲು ಹೋಗಿಲ್ಲ. ಓದುಗರು ಆಕೆಯ ಮುಖವನ್ನು ಮರೆತು ಆಕೆಯ ಕಣ್ಣಿನಿಂದ ನೋಡತೊಡಗುತ್ತಾರೆ. ಆ ಕೃತಿಗೆ 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು.

ಖಂಡನೆಯನ್ನು ಇತರರ ಮೇಲೆ ಮುಗಿಸುವುದು ನ್ಯಾಯವಲ್ಲ. ಮನೆಮನೆಯಲ್ಲಿ ತೂಗುವ ಕ್ಯಾಲೆಂಡರುಗಳ, ವಚನಸಂಕಲನಗಳ ಹೊದಿಕೆಗಳ ಚಿತ್ರಗಳನ್ನು ನೋಡಬೇಕು. ಅಕ್ಕ ಹರೆಯದಲ್ಲಿಯೇ ಕದಳಿಯನ್ನು ಸೇರಿದಳೆಂಬ ಐತಿಹ್ಯವಿರುವುದರಿಂದ ಆಕೆಯನ್ನು ತರುಣಿಯಾಗಿ ಬರೆಯುವುದು ಸರಿಯೇ. ಆದರೆ ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ಬಿಸಿಲಿನಲ್ಲಿ ಬರಿಗಾಲಿನಿಂದ ನಡೆದವಳ ಮುಖ ಹಾಲಿನಂತೆ ಬೆಳ್ಳಗೆ, ತುಟಿ ಕೆಂಪಗೆ, ಹುಬ್ಬು ತೀಡಿದಂತೆ ಇರುವುದು ಯಾವ ಪ್ರಮಾಣದಿಂದ? ಚಿತ್ರಕಾರನ ಕಣ್ಣು ಕೌಶಿಕನ ಕಣ್ಣಿಗಿಂತ ಬಹಳ ದೂರ ಹೋದಂತೆ ಕಾಣುವುದಿಲ್ಲ. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಅತಿಯಾಸೆ ಸಲ್ಲದೆಂದು ತಿಳಿಹೇಳಿದ ಲಕ್ಕಮ್ಮನನ್ನು ಮಧ್ಯವಯಸ್ಸು ದಾಟಿದ ಬಡ ಹೆಂಗಸಾಗಿ ಬರೆದ ಪಟಗಳು ಅಪರೂಪ. ಅರಸೊತ್ತಿಗೆಯನ್ನು ಬಿಟ್ಟು ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ಬಾಳಿದರೆಂಬ ಮೋಳಿಗೆಯ ಮಾರಯ್ಯ, ಮಹಾದೇವಿಯರ ಚಿತ್ರಗಳಲ್ಲಿಯೂ ಸಾಮಾನ್ಯವಾಗಿ ಕಾಣುವುದು ಅರಮನೆಯ ಮುಖಗಳೇ. ಕಟ್ಟಿಗೆಯ ಹೊರೆಯನ್ನು ಮಾತ್ರ ಪಕ್ಕದಲ್ಲಿ ಬರೆದಿರುತ್ತಾರೆ.